ಸೋತ ಕೈಯೂ ಸಣ್ಣ ಮಿಂಚೂ

ಕಳೆದ ಚಳಿಗಾಲದ ಒಂದು ರಾತ್ರಿ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತವನು ಯಾವ ಮಾಯದಲ್ಲೋ ಕುರ್ಚಿಯಲ್ಲೇ ನಿದ್ದೆಹೋದೆ. ಬಲತೋಳು ಕುರ್ಚಿಯ ಬೆನ್ನಿನ ಮರದ ಅಂಚಿನ ಮೇಲೆ ಜೋತುಬಿದ್ದಿತ್ತು. ಬೆಳಗಿನ ಜಾವ ಎಚ್ಚರವಾದಾಗ ತೋಳು ನನ್ನದಾಗಿಯೇ ಇತ್ತು. ಕೈ ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ಮಣಿಕಟ್ಟು ಕೆಳಕ್ಕೆ ಬಾಗಿ, ಬೆರಳುಗಳು ಬಾಡಿದ ಬಾಳೆಯೆಲೆಯ ಸೀಳುಗಳಂತೆ ಇಳಿಬಿದ್ದಿದ್ದವು. ಬೆರಳುಗಳನ್ನು ಮಡಿಸಬಲ್ಲೆ; ಬಿಡಿಸಲಾರೆ. ಕೈಯನ್ನು ಮೇಲಕ್ಕೆತ್ತುವುದಂತೂ ಆಗದ ಮಾತು.

“ಜೋಮು ಹಿಡಿದಿರಬೇಕು, ತಿಕ್ಕಿಕೊಳ್ಳಿ” ಎಂದರು ಮನೆಯವರು. ತಿಕ್ಕಿಕೊಂಡೆ. ಹತ್ತು ಗಂಟೆಯಾದರೂ ಜೋಮು ಬಿಡಲಿಲ್ಲ. ನೆರೆಮನೆಯ ಹಿರಿಯರೊಬ್ಬರು ಬಂದು ನೋಡಿ, ದನಿ ತಗ್ಗಿಸಿ, “ಲಕ್ವ” ಎಂಬ ಎರಡಕ್ಷರವನ್ನು ಉಚ್ಚರಿಸಿ ಹೋದರು. ಸೀಮೆಸುಣ್ಣವನ್ನೂ ಲೇಖನಿಯನ್ನೂ ನೆಚ್ಚಿ ಬದುಕುವವನಿಗೆ ಬಲಗೈಯ ವಿಷಯದಲ್ಲಿ ಆ ಎರಡಕ್ಷರ ಸಾಕು, ಜೀವ ಬಾಯಿಗೆ ಬರಲು.

ವೈದ್ಯರು ನನ್ನನ್ನು ಮಾತಾಡಿಸಿದರು, ನಗಿಸಿದರು, ಕಾಲೆತ್ತಿಸಿದರು. ಲಕ್ವವಲ್ಲವೆಂದು ಮೊದಲು ಧೈರ್ಯ ಹೇಳಿ, ಆಮೇಲೆ ನಡೆದುದನ್ನು ವಿವರಿಸಿದರು. ರೇಡಿಯಲ್ ಎಂಬ ನರವೊಂದು ತೋಳಿನ ಮೂಳೆಗೆ ಹಿಂದಿನಿಂದ ಬಳ್ಳಿಯಂತೆ ಸುತ್ತಿಕೊಂಡು ಕೆಳಗಿಳಿಯುತ್ತದೆ. ಅಲ್ಲಿ ಅದು ಮೂಳೆಗೆ ಅಂಟಿದಂತಿರುವುದರಿಂದ, ರಾತ್ರಿಯೆಲ್ಲ ಮರದ ಅಂಚಿಗೂ ಮೂಳೆಗೂ ನಡುವೆ ಸಿಕ್ಕಿ ನಲುಗಿದೆ. ಇನ್ನು ಎರಡು ಸಾಧ್ಯತೆಗಳುಂಟು. ನರದ ಎಳೆಗಳು ಉಳಿದು, ಅವುಗಳ ಮೇಲಿನ ಕವಚ ಮಾತ್ರ ಜಖಂಗೊಂಡಿದ್ದರೆ ಆ ಒಂದು ಜಾಗದಲ್ಲಿ ದಾರಿ ಕಟ್ಟಿರುತ್ತದೆ, ಅಷ್ಟೆ. ಕೆಲವು ವಾರಗಳಲ್ಲಿ ತಾನಾಗಿ ತೆರವಾಗುತ್ತದೆ. ಎಳೆಗಳೇ ಮುರಿದಿದ್ದರೆ ಅಲ್ಲಿಂದ ಕೆಳಗಿನ ಭಾಗವೆಲ್ಲ ಅಳಿಯುತ್ತದೆ. ಮೇಲಿನಿಂದ ಹೊಸ ಚಿಗುರು ಇಳಿದುಬರಬೇಕು, ಅದೂ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ. ತೋಳಿನ ನಡುವಿನಿಂದ ಮುಂಗೈಯ ಸ್ನಾಯುಗಳಿಗೆ ಗೇಣಿಗಿಂತ ತುಸು ಕಡಮೆ ದೂರ. ಲೆಕ್ಕ ಹಾಕಿದೆ: ಐದಾರು ತಿಂಗಳು! ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ, ಕೈ ಇಳಿಬಿದ್ದಿದೆ.

“ನನ್ನದು ಯಾವುದು?” ಎಂದು ಕೇಳಿದೆ.

“ಎರಡು ವಾರ ತಡೆಯಿರಿ. ಆಮೇಲೆ ವಿದ್ಯುತ್ತನ್ನೇ ಕೇಳೋಣ” ಎಂದರು.

ಆ ಎರಡು ವಾರ ಮಣಿಕಟ್ಟಿಗೆ ಆಸರೆಯ ಪಟ್ಟಿ ಕಟ್ಟಿಕೊಂಡು, ಎಡಗೈಯಲ್ಲಿ ಕರಿಹಲಗೆಯ ಮೇಲೆ ಬರೆದೆ. ನನ್ನ ಕಾಗುಣಿತವನ್ನು ಕಂಡು ನಗದಿದ್ದ ವಿದ್ಯಾರ್ಥಿಗಳ ದಾಕ್ಷಿಣ್ಯವನ್ನು ಮರೆಯಲಾರೆ.

ಭೌತಚಿಕಿತ್ಸೆಯ ಕೋಣೆಯಲ್ಲಿದ್ದಾಕೆ ನನ್ನ ಶಿಷ್ಯೆಯರ ವಯಸ್ಸಿನವಳು. ನಿಘಂಟಿನ ಒಂದು ಸಂಪುಟದಷ್ಟಿದ್ದ ಪೆಟ್ಟಿಗೆಯಿಂದ ಎರಡು ತಂತಿಗಳು ಹೊರಟು, ಅವುಗಳ ತುದಿಯಲ್ಲಿ ಅಂಗೈಗಿಂತ ಚಿಕ್ಕದಾದ ಎರಡು ಮೆತ್ತನೆಯ ಪಟ್ಟಿಗಳು. ಇವನ್ನೇ ನಮ್ಮ ವಿಜ್ಞಾನದ ಪಠ್ಯಪುಸ್ತಕಗಳು ‘ವಿದ್ಯುದ್ವಾರ’ ಎನ್ನುತ್ತವೆ. ಪಾರಿಭಾಷಿಕ ಪದಗಳೆಂದರೆ ಕಬ್ಬಿಣದ ಕಡಲೆಯೆಂದು ಮೂಗು ಮುರಿಯುವವರಿದ್ದಾರೆ. ಈ ಪದದ ಮುಂದೆ ಮಾತ್ರ ಅವರು ಒಂದು ಕ್ಷಣ ನಿಲ್ಲಬೇಕು. ಪಟ್ಟಿ ನಿಜವಾಗಿಯೂ ಒಂದು ದ್ವಾರ. ತಂತಿಯಲ್ಲಿ ಹರಿಯುವುದು ಎಲೆಕ್ಟ್ರಾನುಗಳ ಪ್ರವಾಹ. ದೇಹದೊಳಗೆ ಹರಿಯುವುದು ಉಪ್ಪುನೀರಿನಲ್ಲಿ ಕರಗಿದ ಅಯಾನುಗಳ ಪ್ರವಾಹ. ಒಂದು ಮತ್ತೊಂದಕ್ಕೆ ಕೈಬದಲಾಗುವುದು ಈ ಹೊಸ್ತಿಲಿನಲ್ಲಿ. ಒಣಚರ್ಮ ವಿದ್ಯುತ್ತನ್ನು ಸುಲಭವಾಗಿ ಬಿಡದು. ಆದ್ದರಿಂದಲೇ ಪಟ್ಟಿಯ ಒಳಮೈಗೆ ನೀರೂ ಲವಣವೂ ಬೆರೆತ ಅಂಟುಲೋಳೆ. ಆದ್ದರಿಂದಲೇ ಆಕೆ ಒದ್ದೆಯ ಹತ್ತಿಯಿಂದ ನನ್ನ ಮುಂಗೈಯನ್ನು ಅಷ್ಟು ಶ್ರದ್ಧೆಯಿಂದ ಒರಸಿದ್ದು.

ಒಳಗೆ ಹೋದ ವಿದ್ಯುತ್ತು ಅಲ್ಲಿ ಮಾಡುವುದೇನು? ಬ್ಯಾಟರಿಗೆ ಚಾರ್ಜು ತುಂಬುವಂತೆ ಸೋತ ನರಕ್ಕೆ ಶಕ್ತಿ ತುಂಬುತ್ತದೆಂದು ನಾನು ಭಾವಿಸಿದ್ದೆ. ಅದು ತಪ್ಪು. ನರದಲ್ಲಿ ಶಕ್ತಿ ಮೊದಲೇ ಇದೆ. ಪ್ರತಿಯೊಂದು ನರತಂತುವಿನ ಒಳಗೂ ಹೊರಗೂ ನಡುವೆ ಸುಮಾರು 70 ಮಿಲಿವೋಲ್ಟಿನ ವ್ಯತ್ಯಾಸವನ್ನು ಜೀವವು ಹಗಲಿರುಳೂ ಕಾದುಕೊಂಡು ಬರುತ್ತದೆ. ಒಳಗು ಋಣ, ಹೊರಗು ಧನ. ಟಾರ್ಚಿನ ಒಂದು ಸೆಲ್ಲಿನ ಇಪ್ಪತ್ತರಲ್ಲೊಂದು ಪಾಲಿನಷ್ಟು ಅದು. ಚರ್ಮದ ಮೇಲಿನ ಋಣ ಪಟ್ಟಿಯ ಕೆಳಗೆ ಈ ವ್ಯತ್ಯಾಸ ತುಸು ಕುಗ್ಗುತ್ತದೆ. ಹದಿನೈದು ಮಿಲಿವೋಲ್ಟಿನಷ್ಟು ಕುಗ್ಗಿತೆಂದರೆ ಸಾಕು, ತಂತುವಿನ ಪೊರೆಯಲ್ಲಿ ಸೋಡಿಯಂ ಅಯಾನುಗಳ ಕಂಡಿಗಳು ತೆರೆದು, ಅವು ಒಳನುಗ್ಗಿ, ಒಂದು ಅಲೆ ಎದ್ದು ನರದುದ್ದಕ್ಕೂ ಓಡುತ್ತದೆ. ದಪ್ಪ ತಂತುಗಳಲ್ಲಿ ಅದರ ವೇಗ ಸೆಕೆಂಡಿಗೆ 50 ಮೀಟರಿನಷ್ಟು. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಆಂಗ್ಲ ವಿಜ್ಞಾನಿಗಳು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಇದನ್ನು ಅಳೆದು 1952ರಲ್ಲಿ ಪ್ರಕಟಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ಬಂದಿತು. ಯಂತ್ರದ ವಿದ್ಯುತ್ತು ಪಟ್ಟಿಯ ಕೆಳಗೇ ಕೆಲಸ ಮುಗಿಸುತ್ತದೆ. ಸ್ನಾಯುವಿನವರೆಗೆ ಓಡುವುದು ನರದ ಸ್ವಂತ ಅಲೆ. ಬಾಗಿಲು ತಟ್ಟಿದವನು ಹೊರಗೇ ನಿಂತ. ಎದ್ದು ನಡೆದವನು ಮನೆಯ ಯಜಮಾನ.

ಸತ್ತ ಕಪ್ಪೆಯ ಕಾಲು ಜಿಗಿದುದನ್ನು ಕಂಡ ಬೊಲೋನ್ಯದ ಗಾಲ್ವಾನಿ ತನ್ನ ಗ್ರಂಥವನ್ನು 1791ರಲ್ಲಿ ಪ್ರಕಟಿಸಿದ. ಅದು ಎಲ್ಲರೂ ಬಲ್ಲ ಕತೆ. ನನಗೆ ಹೆಚ್ಚು ಪ್ರಿಯನಾದವನು ಫ್ರಾನ್ಸಿನ ವೈದ್ಯ ಡ್ಯೂಶೆನ್. ಚರ್ಮವನ್ನು ಚುಚ್ಚದೆ, ಒದ್ದೆ ಮಾಡಿದ ವಿದ್ಯುದ್ವಾರಗಳನ್ನು ಮೇಲೆ ಒತ್ತಿ, ಒಂದೊಂದೇ ಸ್ನಾಯುವನ್ನು ಬೇರೆಬೇರೆಯಾಗಿ ಕುಣಿಸಬಹುದೆಂದು ಆತ 1855ರ ಗ್ರಂಥದಲ್ಲಿ ತೋರಿಸಿದ. 1862ರಲ್ಲಿ ಮನುಷ್ಯನ ಮುಖದ ಮೇಲೆ ಈ ಪ್ರಯೋಗವನ್ನು ನಡೆಸಿ ತೆಗೆದ ಛಾಯಾಚಿತ್ರಗಳನ್ನು ಹೊರತಂದ. ಹತ್ತು ವರ್ಷಗಳ ಬಳಿಕ ಡಾರ್ವಿನ್ ತನ್ನ ಪುಸ್ತಕದಲ್ಲಿ ಅವುಗಳನ್ನು ಬಳಸಿಕೊಂಡ. ಭಯವಿಲ್ಲದೆ ಭಯಗೊಂಡ ಮುಖ, ಸಂತೋಷವಿಲ್ಲದೆ ಅರಳಿದ ಮುಖ! ಸ್ಥಾಯಿಭಾವವಿಲ್ಲದ ಅನುಭಾವವೆಂದರೆ ಇದೇ ತಾನೆ? ರಸಮೀಮಾಂಸೆಯ ಪಾಠದಲ್ಲಿ ಈ ಚಿತ್ರಗಳನ್ನು ತೋರಿಸಬೇಕೆಂದು ನನಗೆ ಆಗಾಗ ಅನ್ನಿಸುತ್ತದೆ.

ಇರಲಿ, ನನ್ನ ಕೈಗೆ ಬರೋಣ. ಪರೀಕ್ಷೆಯ ಮರ್ಮವೆಲ್ಲ ಮಿಡಿತದ ಅವಧಿಯಲ್ಲಿದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾದ ವಿದ್ಯುತ್ ಮಿಡಿತಕ್ಕೆ ನರ ಓಗೊಡುತ್ತದೆ. ಸ್ನಾಯು ತಾನೊಂದೇ ಆದರೆ ಓಗೊಡದು. ನರ ಅಳಿದ ಸ್ನಾಯುವನ್ನು ಅಲುಗಿಸಲು ಅದರ ನೂರಾರು ಪಾಲು ದೀರ್ಘವಾದ ಮಿಡಿತ ಬೇಕು, ಆಗಲೂ ಅದು ಹುಳು ಹರಿದಂತೆ ನಿಧಾನವಾಗಿ ಅಲುಗುತ್ತದೆ. ಹಾಗಾದರೆ ಮೊದಲ ದಿನವೇ ಏಕೆ ಪರೀಕ್ಷಿಸಲಿಲ್ಲ? ಮುರಿದ ನರದ ಕೆಳತುಂಡು ಕೂಡಲೇ ಸಾಯುವುದಿಲ್ಲ. ಕಡಿದ ಕೊಂಬೆಯ ಎಲೆ ಕೆಲವು ದಿನ ಹಸಿರಾಗಿರುವಂತೆ ಅದೂ ಕೆಲವು ದಿನ ಉತ್ತರ ಕೊಡುತ್ತಿರುತ್ತದೆ. ಆತುರಪಟ್ಟು ಕೇಳಿದರೆ ಸುಳ್ಳುಸಾಕ್ಷಿ ದೊರೆಯುತ್ತದೆ.

ಪೆಟ್ಟಾದ ಜಾಗಕ್ಕಿಂತ ಕೆಳಗೆ, ಮೊಣಕೈಯ ಬಳಿ ಒಂದು ಪಟ್ಟಿ, ಮುಂಗೈಯ ಮೇಲೊಂದು. “ನೀವು ಏನೂ ಮಾಡಬೇಡಿ ಸಾರ್” ಎಂದಳಾಕೆ. ಮಾಡುವುದಕ್ಕೆ ನನ್ನಿಂದ ಏನು ತಾನೆ ಆಗುತ್ತಿತ್ತು! ಗುಂಡಿ ತಿರುಗಿತು. ಮೊದಲು ಜುಮ್ಮೆಂದಿತು, ಆಮೇಲೆ ಇರುವೆ ಕಚ್ಚಿದಂತಾಯಿತು. ಇನ್ನಷ್ಟು ತಿರುಗಿಸಿದಳು. ಎರಡು ವಾರ ಸತ್ತ ಹಕ್ಕಿಯಂತೆ ಜೋತಿದ್ದ ಕೈ ಫಕ್ಕನೆ ಮೇಲೆದ್ದಿತು. ನನ್ನ ಇಚ್ಛೆಯ ಹಂಗಿಲ್ಲದೆ ನನ್ನ ಬೆರಳುಗಳು ಬಿಡಿಸಿಕೊಂಡವು. ಮಿಡಿತಗಳ ಸಂಖ್ಯೆಯನ್ನು ಸೆಕೆಂಡಿಗೆ ಮೂವತ್ತಕ್ಕೇರಿಸಿದಾಗ ಬಿಡಿ ಸೆಳೆತಗಳು ಒಂದರೊಳಗೊಂದು ಬೆರೆತು ಕೈ ನೆಟ್ಟಗೆ ನಿಂತಿತು.

“ನರ ಬದುಕಿದೆ” ಎಂದಳು. ನಾನು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದೆ. ನಲವತ್ತು ದಾಟಿದ ಗಂಡಸು ಇಂಥಲ್ಲಿ ಕಣ್ಣೊರಸಿಕೊಳ್ಳುವುದು ಚೆನ್ನಲ್ಲವೆಂಬ ಸಂಕೋಚ.

ಪಕ್ಕದ ಮಂಚದಲ್ಲಿ ಮಂಡಿನೋವಿನ ಅಜ್ಜಿಯೊಬ್ಬರಿದ್ದರು. ಅವರ ಮಂಡಿಯ ಎರಡು ಬದಿಗೂ ಅಂಥವೇ ಪಟ್ಟಿಗಳು. ಆದರೆ ಕಾಲು ಅಲುಗುತ್ತಿರಲಿಲ್ಲ. “ಇರುವೆ ಹರಿದ ಹಾಗಾಗ್ತದೆ ಮಗಾ, ನೋವು ಮರೀತದೆ” ಎಂದರು ಅಜ್ಜಿ. ಇಲ್ಲಿ ಉದ್ದೇಶವೇ ಬೇರೆ. ಸ್ಪರ್ಶವನ್ನು ಒಯ್ಯುವ ತಂತುಗಳು ದಪ್ಪ, ನೋವನ್ನು ಒಯ್ಯುವವು ತೆಳು. ಹೊರಗಿನ ವಿದ್ಯುತ್ತಿಗೆ ದಪ್ಪ ತಂತುಗಳೇ ಮೊದಲು ಓಗೊಡುತ್ತವೆ. ಆದ್ದರಿಂದ ಗುಂಡಿಯನ್ನು ಹಿತಮಿತವಾಗಿ ತಿರುಗಿಸಿ, ಸೆಕೆಂಡಿಗೆ ನೂರರ ಸುಮಾರಿಗೆ ಮಿಡಿತಗಳನ್ನು ಕಳುಹಿಸಿದರೆ, ನೋವಿನ ತಂತುಗಳನ್ನು ಕೆಣಕದೆ ಸ್ಪರ್ಶದ ತಂತುಗಳನ್ನಷ್ಟೇ ಎಬ್ಬಿಸಬಹುದು. ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೊಂದು ಬಾಗಿಲಿದೆ, ಸ್ಪರ್ಶದ ಸಂದೇಶಗಳು ಗುಂಪಾಗಿ ಬಂದರೆ ಅದು ಅರ್ಧ ಮುಚ್ಚಿಕೊಳ್ಳುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬವರು 1965ರಲ್ಲಿ ಮಂಡಿಸಿದರು. ಎಡವಿ ಬಿದ್ದ ಮಗುವಿನ ಮೊಣಕಾಲನ್ನು ತಾಯಿ ಉಜ್ಜುವುದರಲ್ಲಿಯೂ ಈ ತತ್ತ್ವವೇ ಇದೆ. ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಕ್ರಿ.ಶ. ಒಂದನೆಯ ಶತಮಾನದಲ್ಲಿಯೇ ಸಂಧಿವಾತದ ರೋಗಿಗಳನ್ನು ವಿದ್ಯುತ್ತುಳ್ಳ ಟಾರ್ಪಿಡೋ ಮೀನಿನ ಮೇಲೆ ಕಾಲಿಡಲು ಹೇಳುತ್ತಿದ್ದನಂತೆ. ಅಜ್ಜಿಗೆ ಪಟ್ಟಿಯೇ ಮೇಲು.

ಈ ಉಪಶಮನ ಎಷ್ಟು, ಯಾರಿಗೆ, ಎಷ್ಟು ಹೊತ್ತು ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಸವೆದ ಮಂಡಿಯನ್ನು ಯಂತ್ರ ಸರಿಪಡಿಸುವುದಿಲ್ಲ; ನೋವಿನ ಸುದ್ದಿಯನ್ನು ತುಸುಹೊತ್ತು ತಡೆಹಿಡಿಯುತ್ತದೆ. ಈಗ ಅಂಗಡಿಗಳಲ್ಲಿ ಜೇಬಿನಲ್ಲಿಡುವಷ್ಟು ಚಿಕ್ಕ ಪೆಟ್ಟಿಗೆಗಳು ದೊರೆಯುತ್ತವೆ, ಜಾಹೀರಾತುಗಳಲ್ಲಿ ಅವಕ್ಕೆ ವಾಸಿಯಾಗದ ಕಾಯಿಲೆಯೇ ಇಲ್ಲ. ಹೃದಯದಲ್ಲಿ ಪೇಸ್‌ಮೇಕರ್ ಇಟ್ಟುಕೊಂಡವರು ವೈದ್ಯರನ್ನು ಕೇಳದೆ ಅವುಗಳ ಗೊಡವೆಗೆ ಹೋಗಬಾರದು; ಕತ್ತಿನ ಮುಂಭಾಗದ ಮೇಲಾಗಲಿ ಗರ್ಭಿಣಿಯ ಹೊಟ್ಟೆಯ ಮೇಲಾಗಲಿ ಪಟ್ಟಿ ಅಂಟಿಸಲೇಬಾರದು. ಸ್ಪರ್ಶವಿಲ್ಲದ ಚರ್ಮದ ಮೇಲೂ ಬೇಡ, ಸುಟ್ಟರೂ ತಿಳಿಯದು.

ನನ್ನ ಕೈಯನ್ನೂ ಯಂತ್ರ ದುರಸ್ತಿ ಮಾಡಲಿಲ್ಲ. ಕವಚವನ್ನು ಮತ್ತೆ ನೇಯ್ದುಕೊಂಡದ್ದು ನರವೇ. ಆದರೂ ವಾರಕ್ಕೆ ಮೂರು ದಿನ ಹೋಗುತ್ತಿದ್ದೆ, ಏಳುವ ಕೈಯನ್ನು ನೋಡುವುದಕ್ಕಾಗಿಯಾದರೂ. ಹಾಗೆ ಎದ್ದ ಕೈ ಬೇಗನೆ ದಣಿಯುತ್ತಿತ್ತು: ನಾವು ಇಚ್ಛಿಸಿದಾಗ ಮೊದಲು ದುಡಿಯುವವು ಸಣ್ಣ, ದಣಿಯದ ಎಳೆಗಳು, ಯಂತ್ರ ಕರೆದಾಗ ದೊಡ್ಡವೇ ಮುಂದೆ ಬಂದು ಬಹುಬೇಗ ಸೋಲುತ್ತವೆ. ಪ್ರತಿ ಸಲವೂ ಆಕೆ, “ಜೊತೆಗೆ ನೀವೂ ಎತ್ತಿ ಸಾರ್” ಎನ್ನುತ್ತಿದ್ದಳು. ನಾನೂ ಎತ್ತುತ್ತಿದ್ದೆ, ನನ್ನ ಆಜ್ಞೆ ತೋಳಿನ ನಡುವಿನವರೆಗೆ ಹೋಗಿ ಅಲ್ಲಿಯೇ ಇಂಗುತ್ತಿತ್ತು.

ಆರನೆಯ ವಾರದ ಒಂದು ದಿನ ಹಾಗೆಯೇ ಎತ್ತಿದೆ. ಕೈ ಎರಡು ಬೆರಳಿನಷ್ಟು ಮೇಲೆದ್ದಿತು. “ಇವತ್ತು ಕಡಮೆ ಇಟ್ಟಿದ್ದೀಯಾ ತಾಯಿ?” ಎಂದು ಕೇಳಿದೆ. ಆಕೆ ಇನ್ನೂ ತಂತಿಗಳನ್ನು ಬಿಡಿಸುತ್ತಿದ್ದಳು. ಪೆಟ್ಟಿಗೆಗೆ ಪಟ್ಟಿಗಳನ್ನು ಸೇರಿಸಿಯೇ ಇರಲಿಲ್ಲ.

ಬೆರಳುಗಳು ಪೂರ್ತಿ ಬಿಡಿಸಿಕೊಳ್ಳಲು ಇನ್ನೂ ಎರಡು ವಾರ ಹಿಡಿಯಿತು. ಹೆಬ್ಬೆರಳು ಎಲ್ಲಕ್ಕಿಂತ ತಡವಾಗಿ ಬಂದಿತು. ಅರ್ಧ ತಿದ್ದಿದ್ದ ಉತ್ತರಪತ್ರಿಕೆಗಳನ್ನು ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರು ತಿದ್ದಿ ಮುಗಿಸಿ, ನನಗಿಂತ ಧಾರಾಳವಾಗಿ ಅಂಕ ಕೊಟ್ಟಿದ್ದರು.