ತೂಕ ಇಳಿಯಿತು, ಶಕ್ತಿಯೂ ಇಳಿಯಿತು!

ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಅತ್ತೆಯೋ ಅಮ್ಮನೋ ಇದ್ದರೆ ಸ್ವಲ್ಪ ಗಮನಿಸಿ ನೋಡಿ. ದೇವರ ಮುಂದೆ ಮಣೆಯಿಂದ ಏಳುವಾಗ ಗೋಡೆ ಹಿಡಿಯುತ್ತಾರಾ? ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯೋಕೆ ನಿಮ್ಮನ್ನೇ ಕರೆಯುತ್ತಾರಾ? ಬಸ್ಸಿನ ಮೆಟ್ಟಿಲಿಗೆ ಹೆದರಿ ಫೋರ್ತ್ ಬ್ಲಾಕ್ ಮಾರ್ಕೆಟ್‌ಗೆ ಹೋಗೋದನ್ನೇ ಬಿಟ್ಟಿದ್ದಾರಾ? ‘ವಯಸ್ಸಾಯ್ತಲ್ಲ’ ಅಂತ ನಾವು ಸುಮ್ಮನಾಗುತ್ತೇವೆ. ಮೈ ತುಂಬಿಕೊಂಡವರಾದರಂತೂ ‘ಇವರಿಗೆಂಥ ನಿಶ್ಶಕ್ತಿ’ ಎಂದುಬಿಡುತ್ತೇವೆ.

ನಾನೂ ಹಾಗೇ ಅಂದುಕೊಂಡಿದ್ದೆ. ಜಯನಗರದ ನಮ್ಮ ಮನೆಯಲ್ಲಿ ಅತ್ತೆಯವರಿಗೆ 71 ವರ್ಷ. ಮಂಡಿನೋವಿಗೆ ತೋರಿಸಿದಾಗ ‘ತೂಕ ಇಳಿಸಿ’ ಎಂದರು. ಅಷ್ಟೇ, ರಾತ್ರಿ ಊಟ ಬಂದ್. ಒಂದು ಲೋಟ ನೀರುಮಜ್ಜಿಗೆ, ಎರಡು ರಸ್ಕು. ಜೊತೆಗೆ ಏಕಾದಶಿಯ ಉಪವಾಸ ಬೇರೆ. ಮೂರು ತಿಂಗಳಲ್ಲಿ 68 ಕೆ.ಜಿ. ಇದ್ದವರು 64ಕ್ಕೆ ಬಂದರು. ಮನೆಮಂದಿಗೆಲ್ಲ ಖುಷಿಯೋ ಖುಷಿ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತವರು ಏಳೋಕೇ ಆಗದೆ ನನ್ನನ್ನು ಕೂಗಿದರು.

ಇಳಿದದ್ದು ಬರೀ ಕೊಬ್ಬಲ್ಲ, ಸ್ನಾಯುವೂ ಕರಗಿತ್ತು. ವಯಸ್ಸಿನೊಂದಿಗೆ ಸ್ನಾಯು ಕ್ಷೀಣಿಸುವುದಕ್ಕೆ ‘ಸಾರ್ಕೋಪೀನಿಯಾ’ ಎನ್ನುತ್ತಾರೆ. ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಇಟ್ಟ ಹೆಸರು. ಅದರ ಜೊತೆಗೆ ಬೊಜ್ಜೂ ಸೇರಿದರೆ ‘ಸಾರ್ಕೋಪೀನಿಕ್ ಒಬೆಸಿಟಿ’. ತೂಕದ ಯಂತ್ರಕ್ಕೆ ಎರಡೂ ಒಂದೇ. ಸ್ನಾಯು ಕರಗಿದ ಜಾಗದಲ್ಲಿ ಕೊಬ್ಬು ತುಂಬಿದರೆ ಅಂಕಿ ಕದಲುವುದೇ ಇಲ್ಲ. ಅದರಲ್ಲೂ ನಮ್ಮ ಭಾರತೀಯರ ಮೈಯಲ್ಲಿ, ಅಷ್ಟೇ ತೂಕದ ಬಿಳಿಯರಿಗಿಂತ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಊಟದ ನಂತರ ರಕ್ತದ ಸಕ್ಕರೆಯನ್ನು ಬಹುಪಾಲು ಹೀರುವುದು ಸ್ನಾಯುವೇ. ಹಾಗಾಗಿ ಬೀಳುವ ಭಯದ ಜೊತೆ ಶುಗರ್ ಏರುವ ಭಯವೂ ಇದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಸಿಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ, ನೀವು ಪಕ್ಕದಲ್ಲೇ ನಿಂತಿರಿ. ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಮಾನದಂಡದಂತೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ವೈದ್ಯರಿಗೆ ಹೇಳಬೇಕು. ಮೀನಖಂಡವನ್ನು ಟೇಪಿನಲ್ಲಿ ಅಳೆದಾಗ ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಬಂದರೂ ಅಷ್ಟೇ. ಆದರೆ ದಪ್ಪಗಿರುವವರಲ್ಲಿ ಈ ಟೇಪು ಮೋಸ ಮಾಡುತ್ತದೆ, ಕುರ್ಚಿಯನ್ನೇ ನಂಬಿ. ಮಂಡಿನೋವಿದ್ದರೂ ನಿಧಾನವಾಗಬಹುದು, ಗಾಬರಿ ಬೇಡ.

ಇನ್ನು ಊಟ. ವಯಸ್ಸಾದವರಿಗೆ ದಿನಕ್ಕೆ, ದೇಹತೂಕದ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ ತಜ್ಞರು. ನಮ್ಮತ್ತೆಗೆ ಸುಮಾರು 64ರಿಂದ 77 ಗ್ರಾಂ. ನಮ್ಮ ತಿಳಿಸಾರು-ಅನ್ನದಲ್ಲಿ ಅದೆಲ್ಲಿ ಬರಬೇಕು? 30 ಗ್ರಾಂ ಬೇಳೆಯಲ್ಲಿ ಇರೋದೇ ಏಳು ಗ್ರಾಂ, ಅದೂ ತಳದ ಗಟ್ಟಿಯಲ್ಲಿ. ತಿಳಿ ಅವರಿಗೆ, ಗಟ್ಟಿ ಮಕ್ಕಳಿಗೆ ಬಡಿಸುವ ನಮ್ಮ ಅಭ್ಯಾಸ ಬಿಡಬೇಕು. ಹೆಸರುಬೇಳೆ ಕೋಸಂಬರಿ, ಹುರುಳಿ ಕಟ್ಟಿನ ಸಾರಿನ ಜೊತೆ ಬೆಂದ ಕಾಳಿನ ಉಸಲಿಯನ್ನೂ ಕೊಡಿ, ಅವರೆಕಾಯಿ ಕಾಲದಲ್ಲಿ ಹಿತಕಿದಬೇಳೆ, ಗಟ್ಟಿ ಮೊಸರು, ಪನೀರ್, ತಿನ್ನುವವರಿಗೆ ಮೊಟ್ಟೆ. ಮೂರೂ ಹೊತ್ತಿಗೆ ಹಂಚಿ ಬಡಿಸಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

‘ದಿನಾ ಲಾಲ್‌ಬಾಗ್‌ನಲ್ಲಿ ವಾಕ್ ಮಾಡ್ತಾರಲ್ಲ’ ಅನ್ನಬೇಡಿ. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಸ್ನಾಯು ಬೆಳೆಸೋಕೆ ಅದೊಂದೇ ಸಾಲದು. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 160 ಮಂದಿ ಬೊಜ್ಜಿನ ಹಿರಿಯರಿದ್ದರು. ಪಥ್ಯದ ಜೊತೆ ನಡಿಗೆಯಂಥ ವ್ಯಾಯಾಮ, ಭಾರ ಎತ್ತುವ ವ್ಯಾಯಾಮ ಎರಡನ್ನೂ ಮಾಡಿದವರೇ ಹೆಚ್ಚು ಚುರುಕಾದರು. ಜಿಮ್ ಏನೂ ಬೇಡ. ಅರ್ಧ ಲೀಟರಿನ ನೀರಿನ ಬಾಟಲಿ ಎತ್ತಿಳಿಸುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಏಳುವುದು, ಇಷ್ಟರಿಂದಲೇ ಶುರು ಮಾಡಿ. ಬಿಪಿ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಲಿ.

ಈಗ ಕುಕ್ಕರ್ ಮೂರು ವಿಸಿಲ್ ಕೂಗುವಷ್ಟರಲ್ಲಿ ಅತ್ತೆ ಹತ್ತು ಸಲ ಎದ್ದು ಕೂರುತ್ತಾರೆ. ಉಪ್ಪಿನಕಾಯಿ ಜಾಡಿಗೆ ಮಾತ್ರ ಇನ್ನೂ ನನ್ನನ್ನೇ ಕರೀತಾರೆ.