ನಿಮಗಿದು ಗೊತ್ತೆ? ಹೂಜಿ ಊದಿದರೂ ಬ್ಲೂಸ್!

ಹೈದರಾಬಾದಿನ ತಾರ್ನಾಕಕ್ಕೆ ಆ ಹೆಸರು ಬಂದದ್ದು ನಿಜಾಮರ ಕಾಲದ ತೋಟವೊಂದರ ತಂತಿಬೇಲಿ ಮತ್ತು ಅಲ್ಲಿದ್ದ ಕಾವಲು ನಾಕಾದಿಂದ ಎನ್ನುತ್ತಾರೆ. ಉರ್ದುವಿನಲ್ಲಿ ‘ತಾರ್’ ಎಂದರೆ ತಂತಿ. ಅಮೆರಿಕದ ಮಿಸಿಸಿಪ್ಪಿಯಲ್ಲಿ ಬಡ ಕಪ್ಪು ಮಕ್ಕಳ ಕೈಗೆ ತಂತಿಯ ತುಂಡೊಂದು ಸಿಕ್ಕರೆ ಸಾಕಿತ್ತು, ವಾದ್ಯವಾಗುತ್ತಿತ್ತು. ಪೊರಕೆಗೆ ಸುತ್ತಿದ ತಂತಿ ಬಿಚ್ಚಿ, ಗೋಡೆಗೆ ಎರಡು ಮೊಳೆ ಹೊಡೆದು ಬಿಗಿದು, ಅಡಿಗೊಂದು ಸೀಸೆ ತೂರಿಸಿ ಮೀಟುತ್ತಿದ್ದರು. ಹೆಸರು ‘ಡಿಡ್ಲಿ ಬೋ’. ಅಲ್ಲಿನ ಕಪ್ಪು ಜನರ ಸಂಗೀತವಾದ ಬ್ಲೂಸ್‌ನ ಎಷ್ಟೋ ಗಿಟಾರ್ ವಾದಕರ ಅಕ್ಷರಾಭ್ಯಾಸ ಅದರಲ್ಲೇ ಆದದ್ದು.

ಹೀಗೆ ಮನೆಯ ಸಾಮಾನನ್ನೂ ವಾದ್ಯ ಮಾಡಿಕೊಂಡ ತಂಡ ಕಟ್ಟಿದವನು ಮೆಂಫಿಸ್‌ನ ವಿಲ್ ಶೇಡ್. ಲೂಯಿವಿಲ್‌ನ ಹೂಜಿ ತಂಡದ ರೆಕಾರ್ಡ್ ಕೇಳಿ ಮರುಳಾಗಿ, ತನ್ನೂರಿನ ಬೀಲ್ ಬೀದಿಯ ಹಾಡುಗಾರರನ್ನು ಕೂಡಿಸಿಕೊಂಡ. 1927ರ ಫೆಬ್ರುವರಿಯಲ್ಲಿ ವಿಕ್ಟರ್ ಕಂಪನಿ ‘ಮೆಂಫಿಸ್ ಜಗ್ ಬ್ಯಾಂಡ್’ನ ಹಾಡುಗಳನ್ನು ಮುದ್ರಿಸಿಕೊಂಡಿತು. ಗಿಟಾರ್, ಹಾರ್ಮೋನಿಕಾಗಳ ಜೊತೆಗೆ ಖಾಲಿ ವಿಸ್ಕಿ ಹೂಜಿ! ನಮ್ಮ ಘಟವನ್ನು ಬಡಿಯುತ್ತೇವೆ, ಅವರು ಊದುತ್ತಿದ್ದರು. ಬಾಯನ್ನು ಹೂಜಿಗೆ ಅಂಟಿಸದೆ, ತುಸು ದೂರದಿಂದ ತುಟಿ ಅದುರಿಸಿದರೆ ಒಳಗಿನ ಗಾಳಿ ಗುಂಯ್‌ಗುಟ್ಟುತ್ತದೆ. ಇಂಥ ತಂಡಗಳಲ್ಲಿ ಬೋರಲು ಹಾಕಿದ ಬಟ್ಟೆ ಒಗೆಯುವ ತೊಟ್ಟಿಗೆ ಕೋಲು, ಹಗ್ಗ ಕಟ್ಟಿ ಬಾಸ್ ನುಡಿಸುವುದೂ ಉಂಟು. ಕೋಲು ವಾಲಿಸಿ ಹಗ್ಗ ಬಿಗಿದಷ್ಟೂ ಸ್ವರ ಏರುತ್ತದೆ.

ತಾರ್ನಾಕದವರಿಗೆ ಇದೇನೂ ಬೆರಗಲ್ಲ ಬಿಡಿ. ಒಣಗಿದ ಬುರುಡೆ, ಬಿದಿರು, ತಂತಿಗಳಿಂದ ಕಿನ್ನೆರ ಎಂಬ ವಾದ್ಯ ಮಾಡುವವರು ಅವರ ತೆಲಂಗಾಣದಲ್ಲೇ ಇದ್ದಾರೆ. ನಾಗರ್‌ಕರ್ನೂಲ್ ಜಿಲ್ಲೆಯ ಕಿನ್ನೆರ ವಾದಕ ದರ್ಶನಂ ಮೊಗಿಲಯ್ಯ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕಿನ್ನೆರದ ನೆಂಟ ಕಿನ್ನರಿಯನ್ನು ಹೆಗಲಿಗೇರಿಸಿ ನಮ್ಮ ಕಿನ್ನರಿ ಜೋಗಿಗಳು ಪಾಂಡವರ ಕಥೆ ಹಾಡುತ್ತಾ ಊರೂರು ಸುತ್ತಿದವರೇ.