ನಿಮಗಿದು ಗೊತ್ತೇ? ಹಾಲು-ತುಪ್ಪ ಬೇಡದ ಡಬ್ಬಿ ಅಡುಗೆ

ಹಾಲು, ಮೊಸರು, ತುಪ್ಪ, ಜೇನು ಯಾವುದೂ ಇಲ್ಲದ ವೀಗನ್ ಊಟಕ್ಕೆ ದುಬಾರಿ ಪೊಟ್ಟಣ ಕೊಳ್ಳಬೇಕಿಲ್ಲ. ಮುದ್ದೆ-ಬಸ್ಸಾರು, ರೊಟ್ಟಿ-ಕಾಳುಪಲ್ಯ, ಗಂಜಿ-ಚಟ್ನಿ ಮೊದಲಿನಿಂದಲೂ ಅಂಥ ಊಟಗಳೇ. ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆಯೋಣ.

ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಪದಾರ್ಥವಾಗುವುದು ಹೇಗೆ? ಹಳೇ ಮೈಸೂರಿನ ಬಸ್ಸಾರು ನೋಡಿ. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿಯುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯ, ಕಾಯಿ, ಹುಣಸೆಯ ಜೊತೆಗೆ ಬೆಂದ ಕಾಳನ್ನೇ ಒಂದು ಹಿಡಿ ಸೇರಿಸಿ ರುಬ್ಬಿ ಆ ಕಟ್ಟಿಗೆ ಹಾಕಿದರೆ ಸಾರು. ಬಸಿದು ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಬಿ ಗುಂಪಿನ ವಿಟಮಿನ್‌ಗಳು ನೀರಿನಲ್ಲಿ ಕರಗುವಂಥವು. ಬೇಯಿಸಿದ ನೀರು ಚೆಲ್ಲಿದರೆ ಅವೂ ಹೋಗುತ್ತವೆ. ಬಸ್ಸಾರಿನಲ್ಲಿ ಆ ನೀರೇ ಸಾರು. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಜಾಣ ಅಡುಗೆ ನನಗಂತೂ ಕಂಡಿಲ್ಲ.

100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿರುವುದು ಸುಮಾರು 120. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಆ ಕ್ಯಾಲ್ಸಿಯಂನ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೂ ಮೈಗೆ ಸೇರುವುದಿಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದರೆ ಈ ಹಿಡಿತ ಸಡಿಲವಾಗುತ್ತದೆ. ಮಕ್ಕಳ ಅಂಬಲಿಗೆ ಮೊಳಕೆ ರಾಗಿಯೇ ಆಗಬೇಕೆಂದು ಹಿರಿಯರು ಹಟ ಹಿಡಿಯುವುದು ಸುಮ್ಮನೆ ಅಲ್ಲ.

ಸಿಪ್ಪೆ ತೆಗೆಯದ ಎಳ್ಳಿನಲ್ಲಿ ಕ್ಯಾಲ್ಸಿಯಂ ಇನ್ನೂ ಹೆಚ್ಚು, 100 ಗ್ರಾಂಗೆ ಸಾವಿರ ಮಿಲಿಗ್ರಾಂ ಮೀರುತ್ತದೆ. ಅಷ್ಟು ಎಳ್ಳು ಯಾರೂ ತಿನ್ನುವುದಿಲ್ಲ, ನಿಜ. ದಿನಾ ಒಂದೆರಡು ಚಮಚ ಚಟ್ನಿಪುಡಿಯಾಗಿ ಬಿದ್ದರೂ ಲಾಭವೇ.

ಹುರುಳಿ ಎಷ್ಟು ಹಳೆಯದು? ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ತಿನ್ನುತ್ತಿದ್ದ ಹುರುಳಿಯ ಸುಟ್ಟ ಕಾಳುಗಳು ಉತ್ಖನನದಲ್ಲಿ ಸಿಕ್ಕಿವೆ. ಜೊತೆಗೆ ಹೆಸರುಕಾಳು, ಕೊರಲೆಯೂ ಇದ್ದವು. ಮೂರೂ ಈ ನೆಲದ್ದೇ ಬೆಳೆ. 100 ಗ್ರಾಂ ಹುರುಳಿಯಲ್ಲಿ 22 ಗ್ರಾಂ ಆಸುಪಾಸು ಪ್ರೋಟೀನ್ ಇದ್ದು, ತೊಗರಿಬೇಳೆಗೆ ಸರಿಸಮ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ವಿಟಮಿನ್ ಸಿ ಮೊಳಕೆ ಒಡೆದಾಗ ಏರುತ್ತದೆ. ದನದ ಮೇವೆಂದು ಪೇಟೆಯವರು ಇದನ್ನು ಮೂಲೆಗೆ ತಳ್ಳಿದ್ದು ದೊಡ್ಡ ನಷ್ಟ.

ಬೇಳೆ ಎಷ್ಟು ಹೊತ್ತಾದರೂ ಬೇಯುತ್ತಿಲ್ಲವೇ? ಹುಣಸೆಹಣ್ಣನ್ನೋ ಟೊಮೆಟೊವನ್ನೋ ಮೊದಲೇ ಹಾಕಿರಬಹುದು. ಹುಳಿ ಇದ್ದರೆ ಕಾಳಿನ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಬೇಗ ಕರಗುವುದಿಲ್ಲ. ಬೇಳೆ ಕರಗಿದ ಮೇಲೇ ಹುಳಿ ಹಿಂಡಿ. ಬೋರ್‌ವೆಲ್ ನೀರು ಗಡುಸಾಗಿದ್ದರೂ ಇದೇ ತೊಂದರೆ. ಒಂದು ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಆದರೆ ಥಯಾಮಿನ್ ಎಂಬ ಬಿ1 ವಿಟಮಿನ್ ಹಾಳಾಗುತ್ತದೆ. ರಾತ್ರಿಯೇ ನೆನೆಹಾಕುವುದು ಮೇಲು, ಗ್ಯಾಸೂ ಉಳಿಯುತ್ತದೆ.

ಅಕ್ಕಿ, ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಘಟಕ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ, ಆದರೆ ಅಲ್ಲಿ ಮೆಥಿಯೊನಿನ್ ಎಂಬ ಇನ್ನೊಂದು ಘಟಕ ಕಡಿಮೆ. ಜೋಳದ ರೊಟ್ಟಿಗೆ ಮಡಕಿ ಕಾಳಿನ ಪಲ್ಯ, ಅನ್ನಕ್ಕೆ ಬೇಳೆ ಹುಳಿ ಬಡಿಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡೂ ಒಂದೇ ತಟ್ಟೆಯಲ್ಲಿ ಇರಲೇಬೇಕೆಂದಿಲ್ಲ, ಆ ದಿನದೊಳಗೆ ಹೊಟ್ಟೆ ಸೇರಿದರೆ ಸಾಕು.

ಕರಾವಳಿಯ ಕುಚ್ಚಲಕ್ಕಿಯನ್ನು ಭತ್ತದಲ್ಲೇ ಬೇಯಿಸುವುದರಿಂದ ತೌಡಿನಲ್ಲಿರುವ ಬಿ1 ಅಕ್ಕಿಯ ಒಳಕ್ಕೆ ಇಳಿಯುತ್ತದೆ.

ಶೇಂಗಾ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಇಂದು ಉತ್ತರ ಕರ್ನಾಟಕದ ಊಟಕ್ಕೆ ಶೇಂಗಾ ಹಿಂಡಿ ಇಲ್ಲದೆ ನಡೆಯದು. ಪ್ರೋಟೀನ್ 100 ಗ್ರಾಂಗೆ ಸುಮಾರು 25 ಗ್ರಾಂ. ಬೂಸ್ಟು ಹಿಡಿದ, ಮುರುಟಿದ, ಕಹಿ ಬೀಜಗಳನ್ನು ಮಾತ್ರ ಆರಿಸಿ ಎಸೆಯಿರಿ. ಆ ಬೂಸ್ಟು ಹುಟ್ಟಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಕೇಡು ಮಾಡುತ್ತದೆ.

ಇಡ್ಲಿ ಹಿಟ್ಟು ಉಬ್ಬುವುದು ಮುಖ್ಯವಾಗಿ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದಿಂದ. ಅಕ್ಕಿ, ಉದ್ದಿನಬೇಳೆಯ ಜೊತೆ ಅದು ತಾನೇ ಬಂದಿರುತ್ತದೆ. ಯೀಸ್ಟ್ ಕೊಳ್ಳಬೇಕಿಲ್ಲ.

ಸೊಪ್ಪು-ಕಾಳಿನ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಅವುಗಳ ಕಬ್ಬಿಣಾಂಶ ಹೆಚ್ಚು ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಕಡಿಮೆಯಾಗುತ್ತದೆ. ಒಂದು ಗಂಟೆ ತಡೆಯಿರಿ.

ಗಿಡಮೂಲದ ಯಾವ ಡಬ್ಬಿಯಲ್ಲೂ ಸಿಗದ ಒಂದು ಪೋಷಕಾಂಶವಿದೆ: ಬಿ12. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು ಮಾತ್ರ. ಮೊಳಕೆ ಕಾಳು, ಸ್ಪಿರುಲಿನಾ ಇವುಗಳನ್ನು ನಂಬಿ ಕೂರಬೇಡಿ. ಕೊರತೆಯಾದರೆ ರಕ್ತಹೀನತೆ ಬರುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ನರಗಳಿಗೆ ಆದ ಹಾನಿ ಕೆಲವೊಮ್ಮೆ ವಾಸಿಯಾಗದೆ ಉಳಿಯುತ್ತದೆ. ಪೂರ್ತಿ ವೀಗನ್ ಆದವರು ವೈದ್ಯರನ್ನು ಕೇಳಿ ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ಗರ್ಭಿಣಿಯರು, ಬಾಣಂತಿಯರು ಇನ್ನೂ ಜಾಗ್ರತೆಯಿಂದಿರಬೇಕು. ಊಟ ಅಗ್ಗವಾಗಲಿ, ಆರೋಗ್ಯ ಮಾತ್ರ ಅಗ್ಗವಾಗುವುದು ಬೇಡ.

ಹೊತ್ತಿಲ್ಲದ ದಿನ ಏನು ಮಾಡುವುದು? ಗೊಜ್ಜವಲಕ್ಕಿ. ತರಿಯಾಗಿ ಪುಡಿ ಮಾಡಿದ ಗಟ್ಟಿ ಅವಲಕ್ಕಿಯನ್ನು ಹುಣಸೆರಸ, ಬೆಲ್ಲ, ಉಪ್ಪು, ಸಾರಿನಪುಡಿಯಲ್ಲಿ ನೆನೆಸಿಡಿ. ಕಡಲೆಕಾಯಿ ಬೀಜ, ಕರಿಬೇವಿನ ಒಗ್ಗರಣೆಗೆ ಮಾತ್ರ ಒಲೆ ಬೇಕು.

ತೊಗರಿಬೇಳೆಗೆ ಹರಳೆಣ್ಣೆ ಸವರುವುದೇಕೆ? ಎಣ್ಣೆಯ ಪದರವಿದ್ದರೆ ಕಾಳಿನ ಹುಳ ಮೊಟ್ಟೆ ಅಂಟಿಸುವುದು ಕಷ್ಟ, ಅಂಟಿಸಿದರೂ ಮರಿಯಾಗುವುದು ಕಡಿಮೆ. ಬೇಯಿಸುವ ಮೊದಲು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದರಾಯಿತು.